ಕೈಗೆ ತೊಟ್ಟ ಚಪ್ಪಲಿ

ಆ ಕಾದಂಬರಿಯನ್ನು ಇಗ್ಲಾಲಳಿಗೆ ಕೊಟ್ಟವಳು ಮುಶೀರಾ. ಇಬ್ಬರೂ ಪೋರ್ಟ್ ಸಯೀದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರುಗಳು. ಇಗ್ಲಾಲ್ ಗಣಿತಕ್ಕೆ, ಮುಶೀರಾ ಅರಬ್ಬಿಗೆ. ಇಗ್ಲಾಲ್ ಕಥೆ ಕಾದಂಬರಿ ಓದುವವಳಲ್ಲ. ಎಲ್ಲೂ ನಡೆಯದ್ದನ್ನು ಇಷ್ಟು ದಪ್ಪಕ್ಕೆ ಬರೆಯುವವರಿಗೂ ಅದನ್ನು ಕೂತು ಓದುವವರಿಗೂ ಮನೆಯಲ್ಲಿ ಬೇರೆ ಕೆಲಸವಿರಲಾರದು ಎಂದು ಟೀಚರುಗಳ ಕೋಣೆಯಲ್ಲಿ ಎಲ್ಲರೆದುರೇ ಆಡಿದ್ದಳು. ಅದಕ್ಕೇ ಮುಶೀರಾ ಪುಸ್ತಕವನ್ನು ಅವಳ ಕೈಗೆ ಕೊಡುವ ಗೋಜಿಗೆ ಹೋಗದೆ ಸೀದಾ ಚೀಲದೊಳಗೆ ತುರುಕಿದಳು.

"ಓದಿ ನೋಡಿ ಅಬ್ಲಾ. ಕತೆ ಹೇಳೋನು ನಿಮ್ಮ ವಗ್ದಿ ಥರದವನೇ. ಮೊದಲಿಂದ ಕೊನೇವರೆಗೂ ಅವನ ಬಾಯಲ್ಲೇ ಇದೆ," ಎಂದಳು. ಅಲ್ಲಿ ಟೀಚರುಗಳನ್ನು ಅಬ್ಲಾ, ಅಂದರೆ ಅಕ್ಕ, ಎಂದೇ ಕರೆಯುವುದು.

ವಗ್ದಿ ಥರದವನು ಎಂಬ ಮಾತು ಇಗ್ಲಾಲಳಿಗೆ ಸಣ್ಣಗೆ ಚುಚ್ಚಿತು. ವಗ್ದಿ ಅವಳ ತಮ್ಮ, ನಲವತ್ತರ ಹತ್ತಿರದವನು. ಚಿಕ್ಕವನಿದ್ದಾಗ ಊರಿನ ಡಾಕ್ಟರರು ಬುದ್ಧಿ ಬೆಳೆದಿಲ್ಲ ಎಂದು ಹೇಳಿ ಕೈತೊಳೆದುಕೊಂಡಿದ್ದರು. ಎಷ್ಟೋ ವರ್ಷದ ಮೇಲೆ ಕೈರೋದ ಒಬ್ಬ ಡಾಕ್ಟರು ಇದಕ್ಕೆ ಆಟಿಸಂ ಎನ್ನುತ್ತಾರೆ, ವಾಸಿಮಾಡಲು ಇದೇನು ಜ್ವರವಲ್ಲ, ಇವನು ಇರುವುದೇ ಹೀಗೆ ಎಂದು ತಿಳಿಸಿ ಕಳಿಸಿದ್ದರು. ಅವನ ಮಾತು ಬಹಳ ಕಡಿಮೆ. ಬಂದವರು ಹೊರಡಲಿ ಎನ್ನಿಸಿದರೆ ಎದ್ದು ನಿಂತು "ಮುಗೀತು" ಎನ್ನುತ್ತಿದ್ದ. ನೆಂಟರು ಅದಕ್ಕೇ ಬರುವುದು ಬಿಟ್ಟಿದ್ದರು. ತಾಯಿ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ, ಕಾಲುವೆಯಾಚೆ ಪೋರ್ಟ್ ಫುಆದಿನ ಹಳೆಯ ಮನೆಯಲ್ಲಿ.

ಸಂಜೆ ಫೆರಿಯಲ್ಲಿ ಕೂತು, ಮುಶೀರಾ ನಾಳೆ ಕೇಳುತ್ತಾಳಲ್ಲ ಎಂಬ ಬೇಸರಕ್ಕೆ, ಇಗ್ಲಾಲ್ ಪುಸ್ತಕ ತೆರೆದಳು. ಹೆಸರು 'ಗೋಡೆಯ ಕಡೆಯ ಕುರ್ಚಿ'. ಬರೆದವರು ಝ. ಮೊರ್ಶಿದಿ. ಫೋಟೋ ಇಲ್ಲ, ಊರು ಇಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಕತೆ ಹೇಳುವವನ ಹೆಸರು ಸಾಬಿರ್. ಅವನು ತನ್ನ ಮನೆಯನ್ನೂ ಊರನ್ನೂ ಹೇಳುತ್ತಾ ಹೋಗುತ್ತಾನೆ, ಊರಿನ ಹೆಸರು ಮಾತ್ರ ಹೇಳುವುದಿಲ್ಲ. ನೀರಿದೆ, ದಾಟಿಸುವ ಫೆರಿ ಇದೆ. ಇಗ್ಲಾಲ್ ಅದಕ್ಕೆ ಅಷ್ಟು ಗಮನ ಕೊಡಲಿಲ್ಲ. ಬೇಜಾರಿನಿಂದ ನಡುವೆ ಎಲ್ಲೋ ತೆರೆದಾಗ ಅವಳ ಕಣ್ಣಿಗೆ ಬಿದ್ದದ್ದು ತಾಯಿ ಸತ್ತ ದಿನದ ಪುಟ. ಮನೆ ತುಂಬ ಕಪ್ಪುಡುಗೆಯ ಹೆಂಗಸರು. ಸಾಬಿರ್ ಯಾರಿಗೂ ಕಾಣದ ಹಾಗೆ ತಾಯಿಯ ಮಂಚದ ಕೆಳಗೆ ನುಸುಳಿ, ಅವಳ ಚಪ್ಪಲಿಗಳನ್ನು ಎರಡೂ ಕೈಗೆ ತೊಟ್ಟುಕೊಂಡು ಮಲಗುತ್ತಾನೆ.

ಇಗ್ಲಾಲ್ ಆ ಸಾಲನ್ನು ಇನ್ನೊಮ್ಮೆ ಓದಿದಳು. ಪುಸ್ತಕ ಮುಚ್ಚಿ, ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದಳು. ಯಾರೂ ನೋಡುತ್ತಿರಲಿಲ್ಲ. ಫೆರಿ ಆಚೆ ದಡಕ್ಕೆ ತಾಗಿ ಜನ ಇಳಿದರೂ ಅವಳು ಏಳಲಿಲ್ಲ.

ಏಕೆಂದರೆ ಅದು ಅವಳ ಮನೆಯಲ್ಲಿ ನಡೆದದ್ದು. ತಾಯಿ ತೀರಿಕೊಂಡ ದಿನ ವಗ್ದಿ ಇದ್ದಕ್ಕಿದ್ದಂತೆ ಕಾಣೆಯಾಗಿದ್ದ. ಕೊನೆಗೆ ತಾಯಿಯ ಮಂಚದ ಕೆಳಗೆ ಸಿಕ್ಕಿದ, ಕೈಗಳಿಗೆ ಅವಳ ಹಸಿರು ಚಪ್ಪಲಿ ತೊಟ್ಟುಕೊಂಡು, ಕಣ್ಣು ಬಿಟ್ಟುಕೊಂಡು. ನೋಡಿದವರು ಇಬ್ಬರೇ, ಇಗ್ಲಾಲ್ ಮತ್ತು ಎದುರುಮನೆಯ ತಾಂತ್, ಅಂದರೆ ಆಂಟಿ, ಈವೊನ್. ಇಬ್ಬರೂ ಸೇರಿ ಅವನನ್ನು ಎಳೆದು, ಕೈಯಿಂದ ಚಪ್ಪಲಿ ಕಿತ್ತು, ಬೇರೆ ಕೋಣೆಯಲ್ಲಿ ಮಲಗಿಸಿ, ಬಂದವರಿಗೆ ಹುಡುಗನಿಗೆ ಜ್ವರ ಎಂದು ಹೇಳಿದ್ದರು. ಆಮೇಲೆ ಆ ಮಾತನ್ನು ಇಗ್ಲಾಲ್ ಯಾರ ಹತ್ತಿರವೂ ಎತ್ತಿರಲಿಲ್ಲ. ಈಗ ಅದು ಅಚ್ಚಾಗಿ, ಹೊಲಿಗೆ ಹಾಕಿಸಿಕೊಂಡು, ಅವಳ ಚೀಲದಲ್ಲೇ ಮನೆಗೆ ಬಂದಿತ್ತು.

ಆ ರಾತ್ರಿಯೂ ಮರುದಿನವೂ ಅವಳು ಪುಸ್ತಕವನ್ನು ಓದಿದ್ದು ಕತೆ ಓದುವ ಹಾಗಲ್ಲ, ಕಳುವಾದ ಮನೆಯಲ್ಲಿ ಏನೇನು ಹೋಗಿದೆ ಎಂದು ನೋಡುತ್ತಾ ಬರುವವರ ಹಾಗೆ. ಸಾಬಿರ್ ಮೊಟ್ಟೆ ಇದ್ದ ತಟ್ಟೆಯಲ್ಲಿ ಬೇರೇನನ್ನೂ ಮುಟ್ಟುವುದಿಲ್ಲ, ವಗ್ದಿಯೂ ಅಷ್ಟೆ. ಸಾಬಿರ್ ಜಗಳ ಕೇಳಿದರೆ ಹೋಗಿ ಫ್ರಿಜ್ಜಿಗೆ ಕೆನ್ನೆ ಒತ್ತಿ ನಿಲ್ಲುತ್ತಾನೆ. ವಗ್ದಿ ವಾಷಿಂಗ್ ಮಷೀನಿಗೆ ಒತ್ತಿ ನಿಲ್ಲುತ್ತಾನೆ. ಕೆಲವು ಕಡೆ ಹೊಂದುತ್ತಿರಲಿಲ್ಲ. ಸಾಬಿರ್‌ಗೆ ನೀರೆಂದರೆ ಭಯ, ವಗ್ದಿಗೆ ನಲ್ಲಿಯ ಕೆಳಗೆ ಕೈಯಿಟ್ಟರೆ ತೆಗೆಯುವ ಮನಸ್ಸಿಲ್ಲ. ಪುಸ್ತಕದ ಚಪ್ಪಲಿ ಹಸಿರಲ್ಲ, ಕಂದು. ಆದರೆ ಹೊಂದದಿದ್ದುದೇ ಇಗ್ಲಾಲಳ ಸಂಶಯವನ್ನು ಗಟ್ಟಿ ಮಾಡಿತು. ಕದ್ದ ಸೈಕಲ್ಲಿಗೆ ಯಾರಾದರೂ ಅದೇ ಬಣ್ಣ ಬಿಡುತ್ತಾರೆಯೇ?

ಸಾಬಿರ್‌ನ ಅಕ್ಕ ಬರುವ ಪುಟವನ್ನಂತೂ ಅವಳು ನಿಂತುಕೊಂಡೇ ಓದಿದಳು. "ಅಕ್ಕನಿಗೆ ನನ್ನ ಮೇಲೆ ಪ್ರೀತಿ ಇದೆ, ಆದರೆ ಆ ಪ್ರೀತಿ ಯಾವಾಗಲೂ ಅವಸರದಲ್ಲಿರುತ್ತದೆ," ಎನ್ನುತ್ತಾನೆ ಅವನು. "ಜನ ನನ್ನನ್ನು ಏನೋ ಕೇಳುತ್ತಾರೆ. ನಾನು ಉತ್ತರ ತರಲು ಒಳಗೆ ಹೋಗುತ್ತೇನೆ. ತಂದು ನೋಡಿದರೆ ಅಕ್ಕ ಆಗಲೇ ಬೇರೆ ಉತ್ತರ ಕೊಟ್ಟು ಬಾಗಿಲು ಹಾಕಿರುತ್ತಾಳೆ."

ಹಾಗಾದರೆ ಮನೆಯೊಳಗೆ ಕೂತು ತಮ್ಮನನ್ನಷ್ಟೇ ಅಲ್ಲ, ತನ್ನನ್ನೂ ಯಾರೋ ಅಳೆದಿದ್ದಾರೆ. ಯಾರು? ಮೊದಲು ಅವಳ ಮನಸ್ಸು ಕೈರೋದ ಡಾಕ್ಟರರ ಕಡೆ ಹೋಯಿತು, ಆದರೆ ಅವರಿಗೆ ಚಪ್ಪಲಿಯ ಸಂಗತಿ ಗೊತ್ತಿರಲಿಲ್ಲ. ಮುಶೀರಾಳ ಮೇಲೂ ಸಂಶಯ ಬಂತು. ಇಷ್ಟು ಪುಸ್ತಕಗಳಿರುವಾಗ ಇದನ್ನೇ ಏಕೆ ತಂದು ತುರುಕಿದಳು, ನನ್ನ ಮುಖ ಹೇಗಾಗುತ್ತದೆ ನೋಡಲೆಂದೇ? ಮರುದಿನ ಮುಶೀರಾ ಹೇಗಿದೆ ಎಂದು ಕೇಳಿದರೆ ಇನ್ನೂ ತೆರೆದೇ ಇಲ್ಲ ಎಂದು ಸುಳ್ಳು ಹೇಳಿದಳು. ಯಾವ ದಾರಿ ಹಿಡಿದರೂ ಮನಸ್ಸು ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಎದುರು ಬಾಗಿಲಲ್ಲೇ. ಮಂಚದ ಕೆಳಗೆ ಬಗ್ಗಿ ನೋಡಿದವರು ಇಬ್ಬರು. ಅವರಲ್ಲಿ ಒಬ್ಬಳು ತಾನು.

ತಾಂತ್ ಈವೊನ್ ಎಪ್ಪತ್ತು ಮುಟ್ಟುತ್ತಿದ್ದ ವಿಧವೆ. ಕಿಬ್ತಿ ಕ್ರೈಸ್ತರವಳು, ಮಕ್ಕಳಿಲ್ಲ, ಗಂಡ ಬಂದರಿನಲ್ಲಿ ಕೆಲಸಕ್ಕಿದ್ದು ತೀರಿಹೋದವನು. ಇಗ್ಲಾಲ್ ಶಾಲೆಗೆ ಹೋದಾಗ ಬಂದು ವಗ್ದಿಯ ಜೊತೆ ಕೂರುವವಳು ಅವಳೇ. ತಾಯಿ ಬದುಕಿದ್ದಾಗಿನಿಂದ ನಡೆದುಬಂದದ್ದು; ಅದಕ್ಕೊಂದು ಥ್ಯಾಂಕ್ಸ್ ಹೇಳಬೇಕೆಂದೂ ಇಬ್ಬರಿಗೂ ಅನ್ನಿಸಿರಲಿಲ್ಲ. ಅವಳ ಏಪ್ರನ್ ಇಗ್ಲಾಲಳ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು, ಹೆಣಿಗೆಯ ಉಣ್ಣೆ ಸೋಫಾದ ಮೂಲೆಯಲ್ಲಿರುತ್ತಿತ್ತು. ಒಂದೇ ದೋಷ, ಬಾಯಿ ನಿಲ್ಲುತ್ತಿರಲಿಲ್ಲ. ಮೀನು ಮಾರುವವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರ ಜೊತೆ ನಿಂತು ಮಾತಾಡುವವಳು. ಅದಲ್ಲದೆ ಅವಳ ತಮ್ಮನ ಮಗಳು ಫೀಬಿ ಕೈರೋದಲ್ಲಿ ಒಂದು ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದಳು. ಅದು ನೆನಪಾದ ಗಳಿಗೆಯಲ್ಲಿ ಇಗ್ಲಾಲಳಿಗೆ ಲೆಕ್ಕ ಕೂಡಿಬಂದ ಹಾಗಾಯಿತು.

ಅಂದಿನಿಂದ ಅವಳು ಈವೊನಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಮೊದಲು ಕಿವಿಗೆ ಬಿದ್ದು ಹೋಗುತ್ತಿದ್ದ ಮಾತುಗಳೆಲ್ಲ ಈಗ ಕೊಕ್ಕೆ ಹಾಕಿ ನಿಲ್ಲುತ್ತಿದ್ದವು. ವಗ್ದಿ ಇವತ್ತು ಯಾಕೆ ಕಿಟಕಿ ಹತ್ತಿರ ಹೋಗಲಿಲ್ಲ, ರಾತ್ರಿ ನಿದ್ದೆ ಮಾಡಿದನಾ, ಚಿಕ್ಕವನಿದ್ದಾಗ ಮೊದಲು ಆಡಿದ ಮಾತು ಯಾವುದು ಎಂದು ಈವೊನ್ ಕೇಳುತ್ತಿದ್ದಳು. ಅದರಲ್ಲೂ ಈ ಕೊನೆಯದನ್ನು ಎರಡೆರಡು ಸಲ ಕೇಳಿದಳು. ಇಷ್ಟು ವರ್ಷ ಕೇಳದಿದ್ದವಳಿಗೆ ಈಗ ಯಾಕೆ ಬೇಕಾಯಿತು? ಇನ್ನೊಂದು ಪುಸ್ತಕಕ್ಕೆ ಸಾಮಾನು ಸಾಲದೆ ಬಂತೇ? ಇಗ್ಲಾಲ್ ನೆನಪಿಲ್ಲ ಎಂದು ಎದ್ದುಹೋದಳು.

ಒಂದು ದಿನ ಕೊನೆಯ ಪಾಠ ಬೇರೆಯವರಿಗೆ ಒಪ್ಪಿಸಿ ತಲೆನೋವೆಂದು ಹೇಳಿ ಬೇಗ ಬಂದಳು. ಮೆಟ್ಟಿಲು ಹತ್ತುವಾಗ ಚಪ್ಪಲಿ ಸದ್ದು ಮಾಡಲಿಲ್ಲ. ಬಾಗಿಲ ಹತ್ತಿರ ನಿಂತಾಗ ಒಳಗೆ ಈವೊನ್ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಇಲ್ಲ, ಅವನು ಆರು ವರ್ಷದವರೆಗೂ ಮಾತೇ ಆಡಿರಲಿಲ್ಲ ಅಂತ ಅವರಮ್ಮ ಹೇಳ್ತಿದ್ರು," ಎನ್ನುತ್ತಿದ್ದಳು. "ಇವತ್ತು? ಇವತ್ತು ಬೆಳಿಗ್ಗೆಯಿಂದ ಟವೆಲ್ ಮಡಿಸ್ತಿದಾನೆ. ಬಿಚ್ಚಿ ಮತ್ತೆ ಮಡಿಸ್ತಾನೆ. ಬರ್ಕೊಳ್ತೀಯಾ? ಹ್ಞೂಂ, ಬರ್ಕೋ ಫೀಬಿ."

ಇಗ್ಲಾಲ್ ಬಾಗಿಲ ಹಿಡಿಗೆ ಕೈಯಿಟ್ಟಳು. ಸಂಶಯಪಡುತ್ತಿದ್ದಾಗ ಒಳಗೆಲ್ಲೋ ಇದು ಸುಳ್ಳಾಗಲಿ ಎಂಬ ಆಸೆ ಇತ್ತೆಂಬುದು ಅವಳಿಗೆ ಆಗಲೇ ತಿಳಿದದ್ದು. ಬಾಗಿಲು ತಳ್ಳಿ ಒಳಗೆ ಹೋದಳು. ಈವೊನ್ ಬೆಚ್ಚಿ ಫೋನ್ ಇಟ್ಟಳು. ಆ ಬೆಚ್ಚುವಿಕೆಯೂ ಇಗ್ಲಾಲಳಿಗೆ ಸಾಕ್ಷಿಯಾಯಿತು.

"ತಾಂತ್, ನಮ್ಮ ವಗ್ದಿ ಸುದ್ದಿ ಯಾರಿಗೆ ಹೇಳ್ತಿದೀರಿ?"

ಈವೊನಳ ಮಡಿಲಲ್ಲಿ ಬಿಡಿಸುತ್ತಿದ್ದ ಮುಲೂಖಿಯಾ ಸೊಪ್ಪಿತ್ತು. ಅವಳು ಇನ್ನೊಂದು ದಂಟು ಬಿಡಿಸಿದಳು.

"ಫೀಬಿಗೆ ಹೇಳ್ತೀನಿ. ಯಾಕೆ ಅಂತ ಕೇಳಬೇಡ ಮಗಳೇ. ಅದು ನನ್ನ ಗುಟ್ಟಲ್ಲ."

"ನಿಮ್ಮನೆ ಗುಟ್ಟು ಗುಟ್ಟು, ನಮ್ಮನೇದು ಪ್ರೆಸ್ಸಿಗಾ?"

ಯಾವ ಪ್ರೆಸ್ಸು ಎಂದಳು ಈವೊನ್. ಇಗ್ಲಾಲ್ ಪುಸ್ತಕ ತಂದು ಸೊಪ್ಪಿನ ಮೇಲೆ ಇಟ್ಟು, ಚಪ್ಪಲಿಯ ಪುಟ ತೆರೆದು ತೋರಿಸಿದಳು. ಕನ್ನಡಕವಿಲ್ಲದೆ ಈವೊನಳಿಗೆ ಓದಲಾಗಲಿಲ್ಲ. ಇಗ್ಲಾಲ್ ತಾನೇ ಓದಿದಳು. ಓದುತ್ತ ಅವಳ ದನಿ ಏರಿತು. ಇಷ್ಟು ವರ್ಷ ಬಂದು ಕೂತದ್ದು ಇದಕ್ಕೇನಾ, ತಮ್ಮನನ್ನು ನೋಡಿಕೊಳ್ಳುವ ನೆಪದಲ್ಲಿ ಅವನನ್ನು ಸೇರುಗಟ್ಟಲೆ ಅಳೆದು ಮಾರಿದಿರಾ ಎಂದೆಲ್ಲ ಅಂದಳು. ಒಳಕೋಣೆಯಿಂದ ವಗ್ದಿ ಎದ್ದುಬಂದು, ಇಬ್ಬರ ಮುಖ ನೋಡಿ, ವಾಷಿಂಗ್ ಮಷೀನಿನ ಕಡೆ ಹೋದ.

ಈವೊನ್ ತಿರುಗಿ ಒಂದು ಮಾತಾಡಲಿಲ್ಲ. ಬಾಯಿ ನಿಲ್ಲದವಳು ಹೀಗೆ ಸುಮ್ಮನಿದ್ದುದು ಇಗ್ಲಾಲಳಿಗೆ ತಪ್ಪೊಪ್ಪಿಗೆಯಂತೆಯೇ ಕಂಡಿತು. ಈವೊನ್ ಸೊಪ್ಪನ್ನು ಬಟ್ಟಲಿಗೆ ಸುರಿದು, ಮೊಳೆಯಿಂದ ಏಪ್ರನ್ ತೆಗೆದುಕೊಂಡಳು. ಉಣ್ಣೆ, ಕಡ್ಡಿ, ಕನ್ನಡಕದ ಡಬ್ಬಿ ಎಲ್ಲ ಅದರಲ್ಲಿ ಸುತ್ತಿಕೊಂಡಳು. ಬಾಗಿಲಲ್ಲಿ ನಿಂತು, "ಅವನ ಮೊಟ್ಟೆ ಒಲೆ ಮೇಲಿದೆ. ಆರಿದ್ರೆ ತಿನ್ನಲ್ಲ," ಎಂದು ಹೇಳಿ ಹೋದಳು.

ಆ ದಿನದಿಂದ ಇಗ್ಲಾಲಳ ಬದುಕು ಕಷ್ಟಕ್ಕೆ ಬಿತ್ತು. ವಗ್ದಿಯನ್ನು ಒಬ್ಬನನ್ನೇ ಬಿಟ್ಟು ಹೋಗಬೇಕು, ಪಾಠದ ನಡುವೆ ಫೋನ್ ಮಾಡಬೇಕು. ಅವನು ಎತ್ತುತ್ತಿದ್ದ, ಮಾತಾಡುತ್ತಿರಲಿಲ್ಲ. ಅವಳು ಮನೆಗೆ ಬಂದಾಗ ಅವನು ಹೊರಗೆ, ಎದುರು ಬಾಗಿಲಿಗೆ ಮುಖಮಾಡಿ ನಿಂತಿರುತ್ತಿದ್ದ. ಕೈ ಹಿಡಿದು ಒಳಗೆ ಕರೆತರಬೇಕಾಗಿತ್ತು. ಎದುರುಮನೆಯ ಬಾಗಿಲ ಇಣುಕುತೂತಿನಲ್ಲಿ ಬೆಳಕು ಮುಚ್ಚಿದಂತಾದರೆ ಆ ಹೆಂಗಸು ಈಗಲೂ ನೋಡುತ್ತಿದ್ದಾಳೆ ಎಂದು ಇಗ್ಲಾಲಳ ಮೈ ಉರಿಯುತ್ತಿತ್ತು.

ಒಂದು ಸಂಜೆ ಅವಳು ತಮ್ಮನನ್ನೇ ಕೇಳಿದಳು. ಅಮ್ಮ ಹೋದ ದಿನ ಚಪ್ಪಲಿ ಹಾಕ್ಕೊಂಡಿದ್ದೆಯಲ್ಲ, ಅದನ್ನ ಯಾರ ಹತ್ತಿರವಾದರೂ ಹೇಳಿದ್ದೀಯಾ? ವಗ್ದಿ ಅವಳ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಾ ನಿಂತ. ಆಮೇಲೆ ಕೈತೊಳೆಯಲು ಹೋದ. ಉತ್ತರ ಬರುವುದಿಲ್ಲ ಎಂದುಕೊಂಡು ಅವಳು ಪರೀಕ್ಷೆಯ ಪೇಪರುಗಳನ್ನು ತಿದ್ದಲು ಕೂತಳು. ಮರುದಿನ ಮಧ್ಯಾಹ್ನ ಅವಳು ಬಟಾಣಿ ಸುಲಿಯುತ್ತಿದ್ದಾಗ ಅವನು ಬಂದು ಎದುರಿಗೆ ನಿಂತು, "ಚಪ್ಪಲಿ ವಿಷಯ ಯಾರೂ ಕೇಳಲಿಲ್ಲ," ಎಂದ.

ಹಾಗಾದರೆ ಇವನು ಹೇಳಿಲ್ಲ, ಈವೊನಳೇ ಸರಿ ಎಂದುಕೊಂಡಳು ಇಗ್ಲಾಲ್. ಆ ಮಾತಿನಲ್ಲಿ ಬೇರೇನೋ ಇದೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಮುಶೀರಾ ಒಂದು ಸುದ್ದಿ ತಂದಳು. ಆ ಝ. ಮೊರ್ಶಿದಿ ಮೊದಲ ಸಲ ಜನರೆದುರು ಬರುತ್ತಾರಂತೆ, ಇಸ್ಮಾಯಿಲಿಯಾದ ಒಂದು ಸಭಾಂಗಣದಲ್ಲಿ, ಶುಕ್ರವಾರ ಸಂಜೆ. ಇಗ್ಲಾಲ್ ಹೋಗುವುದೆಂದು ಅಲ್ಲೇ ತೀರ್ಮಾನಿಸಿದಳು. ಎಲ್ಲರೆದುರು ಎದ್ದುನಿಂತು, ಇದನ್ನು ನಿನಗೆ ಮಾರಿದವಳು ಪೋರ್ಟ್ ಫುಆದಿನ ಈವೊನ್ ಹೌದೋ ಅಲ್ಲವೋ ಎಂದು ಕೇಳಬೇಕು. ವಗ್ದಿಯನ್ನು ಬಿಟ್ಟುಹೋಗಲು ಈಗ ಯಾರೂ ಇರಲಿಲ್ಲವಾಗಿ ಅವನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

ಸಭಾಂಗಣದಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ವಗ್ದಿ ಕೊನೆಯ ಸಾಲಿನ ತುದಿಯಲ್ಲಿ ಕೂತ. ವೇದಿಕೆಯ ಮೇಲೆ ಇಸ್ತ್ರಿ ಮಾಡಿದ ಕೋಟಿನ ಪ್ರಕಾಶಕ, ಅವನ ಪಕ್ಕದಲ್ಲಿ ಐವತ್ತು ದಾಟಿದ ದಪ್ಪ ಮೈಯ ಹೆಂಗಸು. ಅವಳ ಕೈಯಲ್ಲಿ ಗಂಡಸರ ವಾಚು, ತಲೆವಸ್ತ್ರದ ಅಂಚಿನಲ್ಲಿ ಕಿವಿಗಿಟ್ಟ ಹತ್ತಿ ಕಾಣುತ್ತಿತ್ತು. ಪ್ರಕಾಶಕ ಇವರೇ ಝೀನಾತ್ ಮೊರ್ಶಿದಿ, ದುಮ್ಯಾತಿನವರು ಎಂದು ಪರಿಚಯಿಸಿದಾಗ ಜನರಲ್ಲಿ ಗುಜುಗುಜು ಎದ್ದಿತು. ಎಲ್ಲರೂ ಗಂಡಸೆಂದೇ ಎಣಿಸಿದ್ದರು. ಅವಳು ನಮಸ್ಕಾರವನ್ನೂ ಹೇಳದೆ ಪುಸ್ತಕದಿಂದ ಎರಡು ಪುಟ ಓದಿದಳು. ಒಮ್ಮೆಯೂ ತಲೆಯೆತ್ತಲಿಲ್ಲ.

ಆಮೇಲೆ ಪ್ರಶ್ನೆಗಳು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಒಬ್ಬ ಪ್ರೊಫೆಸರು, ಇಂಥ ಮನುಷ್ಯನ ತಲೆಯೊಳಗೆ ಹೊಕ್ಕು ಅರ್ಥ ಮಾಡಿಕೊಳ್ಳಲು ತಾವು ಎಷ್ಟು ಅಧ್ಯಯನ ಮಾಡಿದಿರಿ ಎಂದು ಕೇಳಿದರು.

"ಹೊಗಲಿಲ್ಲ. ಅದು ನನ್ನದೇ ತಲೆ," ಎಂದಳು ಅವಳು.

ಪ್ರಕಾಶಕ ನಕ್ಕ. ಬೇರೆ ಯಾರೂ ನಗಲಿಲ್ಲ. ಇಗ್ಲಾಲಳಿಗೆ ಮಾತ್ರ ಇದೆಲ್ಲ ಪುಸ್ತಕ ಮಾರುವ ನಾಟಕವೆಂದು ಕಂಡಿತು. ಹತ್ತಿ, ವಾಚು, ತಗ್ಗಿಸಿದ ತಲೆ. ಸಭೆ ಮುಗಿದು ಜನ ಸಹಿ ಹಾಕಿಸಿಕೊಳ್ಳಲು ನಿಂತಾಗ ಅವಳು ಸಾಲಿನ ಕೊನೆಯಲ್ಲಿ ನಿಂತಳು. ಎಲ್ಲರೆದುರು ಕೂಗಾಡುವ ಹುರುಪು ಅಷ್ಟು ಹೊತ್ತಿಗೆ ಇಳಿದಿತ್ತು. ತನ್ನ ಸರದಿ ಬಂದಾಗ ಚಪ್ಪಲಿಯ ಪುಟ ತೆರೆದು ಬೆರಳಿಟ್ಟಳು.

"ಇದನ್ನ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಮಾಡಿದೆ."

"ಯಾರ ಚಪ್ಪಲಿ?"

"ಅಜ್ಜೀದು. ಕಂದು ಬಣ್ಣ. ಎಡಗಡೇದು ಜಾಸ್ತಿ ಸವೆದಿತ್ತು."

ಇಗ್ಲಾಲ್ ಆ ಮುಖವನ್ನು ಹುಡುಕಿದಳು. ಶಾಲೆಯಲ್ಲಿ ಸುಳ್ಳು ಹೇಳುವ ಹುಡುಗಿಯರನ್ನು ಕಣ್ಣಿನಿಂದಲೇ ಹಿಡಿಯುವವಳು ಅವಳು. ಇಲ್ಲಿ ಹಿಡಿಯಲು ಕಣ್ಣೇ ಸಿಗುತ್ತಿರಲಿಲ್ಲ; ಝೀನಾತ್ ಅವಳ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದಳು. ಹಾಗೆ ನೋಡುವುದು ನಾಟಕವಲ್ಲ ಎಂದು ಇಗ್ಲಾಲಳಿಗೆ ಗೊತ್ತಿತ್ತು. ಇಡೀ ಜೀವಮಾನ ಅವಳ ಕಿವಿಯ ಪಕ್ಕದ ಗೋಡೆಯನ್ನು ಹಾಗೆ ಒಬ್ಬ ನೋಡಿದ್ದಾನೆ.

"ಯಾಕೆ ಹಾಗೆ ಮಾಡಿದ್ರಿ?" ಎಂದಳು.

ಝೀನಾತ್ ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಳು. ಪ್ರಕಾಶಕನಿಗೆ ಆ ಮೌನ ತಡೆಯಲಾಗಲಿಲ್ಲ. ಅದೊಂದು ರೂಪಕ ಮೇಡಂ, ಎಂದು ಶುರುಮಾಡಿದ.

"ರೂಪಕ ಅಲ್ಲ, ಚಪ್ಪಲಿ," ಎಂದಳು ಝೀನಾತ್. "ಸತ್ತವರನ್ನ ತೊಳೆದು, ಸುತ್ತಿ, ಎತ್ಕೊಂಡು ಹೋಗಿಬಿಡ್ತಾರೆ. ನನ್ನನ್ನ ಹತ್ತಿರ ಬಿಡಲಿಲ್ಲ. ಹಳೇ ಚಪ್ಪಲಿ ಒಳಗೆ ಬೆರಳಿನ ಗುಳಿ ಬಿದ್ದಿರತ್ತೆ, ಹಿಮ್ಮಡಿ ಗುಳಿ ಇರತ್ತೆ. ಅಲ್ಲಿ ಕೈಯಿಟ್ಟರೆ ಅಜ್ಜಿ ನಿಂತಿರೋ ಹಾಗೇ ಇತ್ತು. ಎಷ್ಟು ಭಾರ ಇದ್ದಳು ಅಂತ ಗೊತ್ತಾಗ್ತಿತ್ತು. ಆಮೇಲೆ ಬಂದು ಕಿತ್ಕೊಂಡ್ರು."

ಇಗ್ಲಾಲ್ ಪುಸ್ತಕದ ಮೇಲಿನ ಬೆರಳನ್ನು ತೆಗೆದಳು. ಪುಸ್ತಕದಲ್ಲಿ ಗಂಡು ಅಂತ ಯಾಕೆ ಬರೆದಿರಿ ಎಂದೇನೋ ಕೇಳಿದಳು, ಬೇರೆ ಏನು ಕೇಳಬೇಕೆಂದು ತೋಚದೆ. ಹೆಣ್ಣು ಅಂತ ಬರೆದಿದ್ದರೆ ಅಣ್ಣಂದಿರು ಗುರುತು ಹಿಡಿಯುತ್ತಿದ್ದರು ಎಂದಳು ಝೀನಾತ್. ಮತ್ತೆ ಈಗ ಜನರೆದುರು ಬಂದಿದ್ದೀರಲ್ಲ ಎಂದರೆ, "ಈಗ ದೊಡ್ಡಣ್ಣ ಸತ್ತ," ಎಂದಳು, ಬಸ್ಸಿನ ವೇಳೆ ಹೇಳುವ ದನಿಯಲ್ಲಿ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ವಗ್ದಿ ಎದ್ದು ನಿಂತು, "ಮುಗೀತು," ಎಂದ. ಝೀನಾತ್ ಅವನನ್ನು ತಿರುಗಿ ನೋಡಲೂ ಇಲ್ಲ, ಆದರೆ ಪೆನ್ನಿನ ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿ, "ಹೌದು, ಮುಗೀತು," ಎಂದು ಹೊರಟೇಬಿಟ್ಟಳು. ಪ್ರಕಾಶಕ ಇನ್ನೂ ಎರಡು ಪತ್ರಿಕೆಯವರಿದ್ದಾರೆ ಎಂದು ಅವಳ ಹಿಂದೆ ಓಡಿದ.

ವಾಪಸ್ಸು ಬರುವ ಬಸ್ಸಿನಲ್ಲಿಯೂ ಇಗ್ಲಾಲಳ ಮನಸ್ಸು ಒಂದೊಂದು ಎಳೆ ಹಿಡಿದು ಜಗ್ಗಿತು. ಈವೊನ್ ಹೇಳಿರದಿದ್ದರೆ ಆ ಫೋನು ಯಾಕೆ, ಆ ಬೆಚ್ಚುವಿಕೆ ಯಾಕೆ? ಆದರೆ ಎಷ್ಟು ಜಗ್ಗಿದರೂ ಆ ಹೆಂಗಸಿನ ಸವೆದ ಎಡಚಪ್ಪಲಿ ಸುಳ್ಳಾಗುತ್ತಿರಲಿಲ್ಲ. ವಗ್ದಿಯಂಥವನು ಜಗತ್ತಿನಲ್ಲಿ ಒಬ್ಬನೇ, ಅವನ ಪ್ರತಿಯೊಂದು ರೀತಿಯೂ ತಮ್ಮ ಮನೆಯ ಸೊತ್ತು ಎಂದು ಅವಳು ಇಷ್ಟು ಕಾಲ ತಿಳಿದಿದ್ದಳು. ದುಮ್ಯಾತಿನ ಯಾವುದೋ ಮನೆಯ ಮಂಚದ ಕೆಳಗೆ ಇನ್ನೊಬ್ಬಳು ಹಾಗೆಯೇ ಮಲಗಿದ್ದಳು, ಅವಳನ್ನೂ ಯಾರೋ ಎಳೆದು ಚಪ್ಪಲಿ ಕಿತ್ತಿದ್ದರು. ಯಾರೂ ಕೇಳಲಿಲ್ಲ ಎಂದು ವಗ್ದಿ ಬಟಾಣಿಯೆದುರು ನಿಂತು ಹೇಳಿದ್ದು ಏನೆಂದು ಅವಳಿಗೆ ಆಗ ಗೊತ್ತಾಯಿತು. ಅವನು ಹೇಳಿದ್ದು ಲೋಕದವರ ವಿಷಯವನ್ನಲ್ಲ.

"ವಗ್ದಿ, ಅಮ್ಮನ ಚಪ್ಪಲಿ ಒಳಗೆ ಏನಿತ್ತು?" ಎಂದು ಕೇಳಿದಳು. ಈ ಸಲ ತಾನೇ ಏನನ್ನೂ ಸೇರಿಸಲಿಲ್ಲ, ಇನ್ನೊಂದು ಸಲ ಕೇಳಲೂ ಇಲ್ಲ. ದಾರಿಯ ಕಂತಾರಾ ಊರು ದಾಟುವವರೆಗೆ ಅವನು ಕಿಟಕಿಯಾಚೆ ನೋಡುತ್ತಿದ್ದ.

"ಅಮ್ಮನ ಕಾಲು," ಎಂದ. ಸ್ವಲ್ಪ ಬಿಟ್ಟು, "ಚಪ್ಪಲಿ ಎಲ್ಲಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು. "ಹಳೇ ಸಾಮಾನಿನವನಿಗೆ ಕೊಟ್ಟೆ ಕಣೋ. ನನಗೆ ಗೊತ್ತಿರಲಿಲ್ಲ," ಎಂದಳು. ವಗ್ದಿ ಮತ್ತೆ ಕಿಟಕಿಯ ಕಡೆ ತಿರುಗಿದ. ಊರು ಬರುವವರೆಗೆ ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಎದುರು ಬಾಗಿಲು ತಟ್ಟಿದಳು. ಒಳಗೆ ರೇಡಿಯೋ ನಿಂತಿತು, ಬಾಗಿಲು ತೆರೆಯಲಿಲ್ಲ. ಸಂಜೆ ವಗ್ದಿಯನ್ನು ಜೊತೆಗೆ ನಿಲ್ಲಿಸಿಕೊಂಡು ತಟ್ಟಿದಾಗ ತೆರೆಯಿತು. ಇಗ್ಲಾಲ್ ತಪ್ಪಾಯಿತೆಂದಳು, ಬರೆದವಳನ್ನು ಕಂಡುಬಂದೆನೆಂದಳು, ಇನ್ನೂ ಹೇಳಬೇಕೆಂದಿದ್ದಳು. ಈವೊನ್ ಕೈಯೆತ್ತಿ ತಡೆದಳು.

"ಅವನು ಬರಲಿ. ನೀನು ಆಮೇಲೆ ಬಾ."

ವಗ್ದಿ ಆಗಲೇ ಒಳಗೆ ಹೋಗಿಯಾಗಿತ್ತು. ಬಾಗಿಲು ಇಗ್ಲಾಲಳ ಮುಖಕ್ಕೆ ಮುಚ್ಚಿತು. ಆಮೇಲೆ ಎಂಬುದು ಎಷ್ಟೋ ದಿನಗಳಾಯಿತು. ಬೆಳಿಗ್ಗೆ ತಮ್ಮನನ್ನು ಎದುರುಮನೆಗೆ ಬಿಟ್ಟು ಶಾಲೆಗೆ ಹೋಗುವಳು, ಸಂಜೆ ಹೊಸ್ತಿಲಲ್ಲೇ ನಿಂತು ಕರೆದುಕೊಳ್ಳುವಳು. ಈವೊನ್ ಅವನು ಏನು ತಿಂದ ಎಂದಷ್ಟೇ ಹೇಳುವಳು. ಇಗ್ಲಾಲ್ ಹುರಿದ ಮೀನು ಕಳಿಸಿದರೆ ತಟ್ಟೆ ತೊಳೆದು ವಾಪಸ್ಸು ಬರುತ್ತಿತ್ತು, ಮೊದಲಿನ ಹಾಗೆ ಅದರಲ್ಲಿ ಏನಾದರೂ ತುಂಬಿಕೊಂಡು ಬರುತ್ತಿರಲಿಲ್ಲ.

ಒಂದು ಸಂಜೆ ಈವೊನ್ ಹೊಸ್ತಿಲ ಆಚೆಯಿಂದ ಕೈ ಚಾಚಿದಳು.

"ಆ ಪುಸ್ತಕ ಕೊಡು. ಕಳ್ಳಿ ಅನ್ನಿಸ್ಕೊಂಡಿದೀನಿ. ಕದ್ದಿದ್ದು ಏನು ಅಂತಾದ್ರೂ ನೋಡೋಣ."

ಅದು ಮುಶೀರಾಳ ಪುಸ್ತಕ. ಇಗ್ಲಾಲ್ ಕೊಟ್ಟಳು. ವಾರ ಕಳೆದು ಒಂದು ಶುಕ್ರವಾರ ಈವೊನ್ ತಾನಾಗಿಯೇ ಬಂದು ಬಾಗಿಲು ತಟ್ಟಿದಳು. ಕನ್ನಡಕ ಹಣೆಯ ಮೇಲಿತ್ತು, ಪುಸ್ತಕದೊಳಗೆ ಹೆಣಿಗೆಯ ಕಡ್ಡಿ ಸಿಕ್ಕಿಸಿತ್ತು. ಒಳಗೆ ಬಂದು ಸೋಫಾದ ತನ್ನ ಮೂಲೆಯಲ್ಲಿ ಕೂತಳು.

"ಈ ಸಾಬಿರ್ ಮನೆ ಪಕ್ಕದಲ್ಲಿ ಒಬ್ಬಳು ಹೆಂಗಸು ಇದಾಳಲ್ಲ, ಎಲ್ಲರ ಮನೆ ವಿಷಯಕ್ಕೂ ಮೂಗು ತೂರಿಸೋಳು. ಅವಳನ್ನ ನಾನೇ ಅಂದ್ಕೊಂಡ್ಯಾ?"

ಇಗ್ಲಾಲ್ ತಲೆ ತಗ್ಗಿಸಿದಳು.

"ಅವಳಿಗೆ ಮೀಸೆ ಇದೆ ಅಂತ ಬರೆದಿದೆ ಇಗ್ಲಾಲ್. ನೂರ ನಾಲ್ಕನೇ ಪುಟ, ಹೋಗಿ ನೋಡು. ನನ್ನ ಬಗ್ಗೆ ನಾನೇ ಮೀಸೆ ಇದೆ ಅಂತ ಹೇಳಿ ಬರೆಸ್ತೀನಾ? ಗಣಿತ ಬೇರೆ ಹೇಳ್ಕೊಡ್ತೀಯ ಮಕ್ಕಳಿಗೆ."

ಇಗ್ಲಾಲಳಿಗೆ ನಗು ಬಂತು, ನಗಬಹುದೋ ಬಾರದೋ ತಿಳಿಯದೆ ಕೆಮ್ಮಿದಳು. ಈವೊನ್ ನಗಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆಮೇಲೆ ಫೀಬಿಯ ವಿಷಯ ಹೇಳಿದಳು. ಫೀಬಿಯ ಮಗಳಿಗೆ ನಾಲ್ಕು ತುಂಬಿದೆ, ಒಂದು ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಗಂಡನ ಮನೆಯವರು ಹೊರಗೆ ಯಾರಿಗೂ ತಿಳಿಯಬಾರದೆಂದು ಮಗುವನ್ನು ಇಗರ್ಜಿಗೂ ಕರೆತರುವುದಿಲ್ಲ. ಫೀಬಿ ದಿನಾ ಅಳುತ್ತಾ ಫೋನ್ ಮಾಡುವಳು. ಅವಳಿಗೆ ಸಮಾಧಾನವಾಗಲೆಂದು ಈವೊನ್ ವಗ್ದಿಯ ಸುದ್ದಿ ಹೇಳುತ್ತಿದ್ದಳು. ಅವನು ಎಷ್ಟಕ್ಕೆ ಮಾತು ಕಲಿತ, ಈಗ ಏನೇನು ತಾನೇ ಮಾಡಿಕೊಳ್ಳುತ್ತಾನೆ, ಯಾವುದರಿಂದ ಹೆದರುತ್ತಾನೆ, ಆಗ ಏನು ಮಾಡಿದರೆ ಸರಿಹೋಗುತ್ತಾನೆ, ಎಲ್ಲವನ್ನೂ ಫೀಬಿ ಬರೆದಿಟ್ಟುಕೊಳ್ಳುತ್ತಿದ್ದಳು.

"ಅವತ್ತೇ ಹೇಳಬಹುದಿತ್ತಲ್ಲ ತಾಂತ್."

"ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಈಗ ಅವಳನ್ನೇ ಕೇಳಿ ಬಂದೆ. ನೀನು ಅಷ್ಟು ಅಂದೆ, ಆದರೂ ಬಾಯಿ ಬಿಡಲಿಲ್ಲ. ಬಾಯಿ ನಿಲ್ಲಲ್ಲ ಅಂತೀರಲ್ಲ ನೀವೆಲ್ಲ."

ಇಗ್ಲಾಲ್ ಎದ್ದು ಟೀ ಇಟ್ಟಳು. ಟೀ ಕುದಿಯುವಷ್ಟು ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದಳು. ವಾಪಸ್ಸು ಬಂದಾಗ ಈವೊನ್ ಕನ್ನಡಕ ಇಳಿಸಿಕೊಂಡು ಪುಸ್ತಕ ತೆರೆದು, ಇದರಲ್ಲಿ ತನಗೆ ಇಷ್ಟವಾದದ್ದೊಂದು ಪುಟ ಇದೆ, ವಗ್ದಿಗೂ ಕೇಳಿಸಬೇಕೆಂದು ಅವನನ್ನು ಕರೆಯುತ್ತಿದ್ದಳು. ವಗ್ದಿ ಬಾಗಿಲಿಗೆ ಒರಗಿ ನಿಂತು ಕೇಳಿದ. ಸಾಬಿರ್ ಮಾರುಕಟ್ಟೆಗೆ ಹೋಗಿ ಏನೂ ಕೊಳ್ಳದೆ ಬರುವ ಪುಟ ಅದು, ಉದ್ದದ್ದು. ಈವೊನ್ ಪಾದ್ರಿಗಳು ಓದುವ ಹಾಗೆ ನಿಧಾನವಾಗಿ ಓದಿದಳು. ಮುಗಿದ ಮೇಲೆ ಹೇಗಿದೆ ಎಂದು ವಗ್ದಿಯನ್ನು ಕೇಳಿದಳು. ಇಗ್ಲಾಲ್ ಬಾಯಿ ತೆರೆದು ಮುಚ್ಚಿದಳು. ಟೀ ಆರಿತು.

"ಇವನು ತುಂಬಾ ಮಾತಾಡ್ತಾನೆ," ಎಂದ ವಗ್ದಿ, ಕೈತೊಳೆಯಲು ಹೋದ.

ಈವೊನ್ ಪುಸ್ತಕವನ್ನು ಫೀಬಿಗೆ ಕಳಿಸಬೇಕು ಎಂದಳು. ಮುಶೀರಾಳಿಗೆ ಬೇರೆಯದೊಂದು ಕೊಂಡು ಕೊಟ್ಟರಾಯಿತು ಎಂದಳು ಇಗ್ಲಾಲ್. ಕಳಿಸುವ ಮುಂಚೆ ನೂರ ನಾಲ್ಕನೇ ಪುಟವನ್ನು ಮಾತ್ರ ಹರಿದುಬಿಡೋಣವೇ ಎಂದು ಈವೊನ್ ಕೇಳಿದಳು, ಈ ಸಲ ನಗುತ್ತಾ. ಬೇಡ, ಇರಲಿ ಬಿಡಿ ತಾಂತ್, ಎಂದು ಇಗ್ಲಾಲ್ ಆರಿದ ಟೀಯನ್ನು ಎತ್ತಿಕೊಂಡು ಮತ್ತೆ ಬಿಸಿಮಾಡಲು ಒಳಗೆ ಹೋದಳು.